ರಾತ್ರಿ ಜಲಪಾತಕ್ಕೆ ದೀಪ ಎಲ್ಲಿಂದ ಹಿಡಿಯಬೇಕು?

ಪ್ರಶ್ನೆ: ನಮ್ಮೂರು ಹಾವೇರಿ ಕಡೆ. ಕೆಲಸಕ್ಕೆಂದು ಪುಣೆಗೆ ಬಂದು ಆರು ವರ್ಷವಾಯಿತು, ವಾಕಡದಲ್ಲಿ ಮನೆ. ರಾತ್ರಿ ಬಣ್ಣದ ದೀಪ ಹಾಕಿ ತೆಗೆದ ಜಲಪಾತದ ಚಿತ್ರಗಳನ್ನು ನೋಡಿ ನನಗೂ ಆಸೆಯಾಗಿದೆ. ಹೋದ ಸೆಪ್ಟೆಂಬರ್‌ನಲ್ಲಿ ತಾಮ್ಹಿಣಿ ಕಡೆ ಒಂದು ಸಣ್ಣ ಜಲಪಾತದ ಎದುರು ನಿಂತು, 30 ಸೆಕೆಂಡ್ ಶಟರ್ ಇಟ್ಟು, ಅಷ್ಟೂ ಹೊತ್ತು ಬ್ಯಾಟರಿ ಹಿಡಿದೆ. ನೀರು ಬಿಳಿ ಪಂಚೆ ಒಣಹಾಕಿದ ಹಾಗೆ ಬಂತು. ಸುತ್ತ ಬಂಡೆ ಎಲ್ಲ ಕಪ್ಪು. ಸಾಧಾರಣ ಡಿಎಸ್ಎಲ್ಆರ್, ಕಿಟ್ ಲೆನ್ಸ್, ಟ್ರೈಪಾಡ್, 1000 ಲುಮೆನ್‌ನ ಎಲ್ಇಡಿ ಟಾರ್ಚ್, ಒಂದು ಹಳೆಯ ಫ್ಲ್ಯಾಶ್ ಇವೆ. ದೊಡ್ಡ ಲೈಟ್ ಕೊಳ್ಳಬೇಕೇ? ಎಲ್ಲಿಗೆ ಹೋಗಲಿ? ರಾತ್ರಿ ಅಲ್ಲಿಗೆ ಹೋಗುವುದೇ ಬೇಡ ಎಂದು ಮನೆಯಲ್ಲಿ ಹೇಳುತ್ತಾರೆ.

ಉತ್ತರ: ದೊಡ್ಡ ಲೈಟ್ ಬೇಡ. ನಿಮ್ಮ ಹತ್ತಿರ ಇರುವ ಬೆಳಕೇ ಜಾಸ್ತಿಯಾಗಿ ಚಿತ್ರ ಕೆಟ್ಟಿದೆ. ಅದಕ್ಕಿಂತ ಮುಖ್ಯವಾಗಿ, ಆ ಬೆಳಕು ಬರಬಾರದ ಕಡೆಯಿಂದ ಬಂದಿದೆ. ನೀವು ಕ್ಯಾಮೆರಾದ ಪಕ್ಕದಲ್ಲೇ ನಿಂತು ಟಾರ್ಚ್ ಹಿಡಿದಿದ್ದೀರಿ. ಮನೆಯವರ ಮಾತಿಗೆ ಆಮೇಲೆ ಬರುತ್ತೇನೆ, ಅದರಲ್ಲಿ ಅರ್ಧ ನಿಜವಿದೆ.

ಕೆಆರ್‌ಎಸ್‌ನ ಬೃಂದಾವನಕ್ಕೆ ಚಿಕ್ಕವರಿದ್ದಾಗ ಹೋಗಿರುತ್ತೀರಿ, ಅಲ್ವಾ? ಅಲ್ಲಿನ ಬಣ್ಣದ ಕಾರಂಜಿಗೆ ದೀಪ ಎಲ್ಲಿದೆ, ನೆನಪು ಮಾಡಿಕೊಳ್ಳಿ. ನಾವು ನಿಂತು ನೋಡುವ ಕಡೆ ಇಲ್ಲ. ನೀರಿನ ಬುಡದಲ್ಲಿದೆ. ಬೆಳಕು ನೀರಿನ ಜತೆಗೇ ಮೇಲಕ್ಕೆ ಹೋಗುತ್ತದೆ, ಹನಿ ಒಡೆದಲ್ಲೆಲ್ಲ ಹೊರಗೆ ಚೆಲ್ಲುತ್ತದೆ. ಜಿನೀವಾದ ಕೊಲಾಡನ್ ಎಂಬ ವಿಜ್ಞಾನಿ 1841ರಲ್ಲೇ ಇದನ್ನು ಮಾಡಿ ತೋರಿಸಿದ್ದ. ತೊಟ್ಟಿಯ ತೂತಿನಿಂದ ಚಿಮ್ಮುವ ನೀರಿನೊಳಗೆ ಬೆಳಕು ಬಿಟ್ಟರೆ, ನೀರು ಬಾಗಿದ ಹಾಗೆ ಬೆಳಕೂ ಬಾಗುತ್ತದೆ. ಇವತ್ತು ಮನೆಮನೆಗೆ ಇಂಟರ್ನೆಟ್ ತರುವ ಫೈಬರ್ ತಂತಿಯಲ್ಲಿ ಆಗುವುದೂ ಇದೇ.

ಜಲಪಾತದ ಒಳಗೆ ದೀಪ ಇಡಲಾಗುವುದಿಲ್ಲ. ಆದರೆ ಪಾಠ ಒಂದೇ. ಬೀಳುವ ನೀರು ಬಿಳಿಯಾಗಿ ಕಾಣುವುದು ಅದರೊಳಗಿನ ಗಾಳಿಗುಳ್ಳೆ ಮತ್ತು ಹನಿಗಳಿಂದ. ಒಂದೊಂದು ಹನಿಯೂ ಬೆಳಕನ್ನು ಸುತ್ತಲೂ ಎರಚುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಎಲ್ಲ ಹನಿಗಳೂ ಒಂದೇ ಸಮ ಬೆಳಗುತ್ತವೆ, ನೆರಳೇ ಇರುವುದಿಲ್ಲ. ಸುಣ್ಣ ಬಳಿದ ಗೋಡೆಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಪಕ್ಕದಿಂದ ಬಿಟ್ಟರೆ ನೀರಿನ ಪ್ರತಿ ಎಳೆಗೂ ಒಂದು ಬೆಳಕಿನ ಮಗ್ಗುಲು, ಒಂದು ಕತ್ತಲ ಮಗ್ಗುಲು ಬರುತ್ತದೆ. ಇನ್ನೂ ಸ್ವಲ್ಪ ಹಿಂದಕ್ಕೆ ಸರಿದು, ಬಂಡೆಯ ಮರೆಯಿಂದ ನಿಮ್ಮ ಕಡೆಗೆ ಬೆಳಕು ಬರುವಂತೆ ಹಿಡಿದರೆ ಹನಿಗಳು ಮುತ್ತಿನ ಹಾಗೆ ಹೊಳೆಯುತ್ತವೆ. ಸಣ್ಣ ಹನಿ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಮುಂದಕ್ಕೇ ಕಳಿಸುತ್ತದೆ, ವಾಪಸ್ ಕಳಿಸುವುದು ತುಂಬಾ ಕಡಿಮೆ. ಬೆಳಗಿನ ಬಿಸಿಲಿಗೆ ಎದುರಾಗಿ ನಿಂತು ಜೇಡರ ಬಲೆಯ ಇಬ್ಬನಿ ನೋಡಿದ್ದರೆ ನಿಮಗಿದು ಗೊತ್ತಿರುತ್ತದೆ.

ಹಾಗಾಗಿ ಟ್ರೈಪಾಡ್ ಒಂದು ಕಡೆ, ದೀಪ ಇನ್ನೊಂದು ಕಡೆ. ನಾನು ಕಲಿಸುವಾಗ ಮೊದಲು ಹೇಳುವುದೂ ಇದನ್ನೇ, ಕೊನೆಗೆ ಹೇಳುವುದೂ ಇದನ್ನೇ.

ಇನ್ನು ಸಮಯದ ಲೆಕ್ಕ. ಇದು ಬಹಳ ಜನರಿಗೆ ತಲೆಗೆ ಹೋಗುವುದೇ ಇಲ್ಲ. ಪೂರ್ತಿ ಕತ್ತಲಲ್ಲಿ ಶಟರ್ 30 ಸೆಕೆಂಡ್ ತೆರೆದಿದ್ದರೂ ಚಿತ್ರಕ್ಕೆ ಲೆಕ್ಕಕ್ಕೆ ಬರುವುದು ದೀಪ ಉರಿದಷ್ಟು ಹೊತ್ತು ಮಾತ್ರ. ನಿಮ್ಮ ಟಾರ್ಚ್ ಹತ್ತು ಮೀಟರ್ ದೂರದಿಂದ ಸುಮಾರು ಮೂರು ಮೀಟರ್ ಅಗಲದ ಬೆಳಕಿನ ಬಿಲ್ಲೆ ಬಿಡುತ್ತದೆ ಎಂದುಕೊಳ್ಳಿ. ಎಫ್ 8 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬ ಅಳತೆ), ಐಎಸ್ಒ 400 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ಇದ್ದರೆ, ಅಷ್ಟು ಜಾಗಕ್ಕೆ ಅರ್ಧ ಸೆಕೆಂಡ್ ಸಾಕು. ನೀವು 30 ಸೆಕೆಂಡ್ ಹಿಡಿದಿದ್ದೀರಿ, ಅದೂ ನೀರಿನ ಮೇಲೆ ಮಾತ್ರ. ನೀರು ಬಿಳಿ ಬಟ್ಟೆಯಾಗದೆ ಇನ್ನೇನಾಗುತ್ತದೆ? ಬಂಡೆಯ ಮೇಲೆ ಬೆಳಕೇ ಬಿದ್ದಿಲ್ಲ, ಅದು ಕಪ್ಪು. ನಿಮ್ಮ ಕ್ಯಾಮೆರಾದಲ್ಲಿ ಏನೂ ದೋಷವಿಲ್ಲ.

ಈಗ ಮನೆಯವರ ಮಾತು. ಲೋಣಾವಳಾದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ 2024ರ ಜೂನ್ 30ರಂದು ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ಅದು ಹಾಡಹಗಲು. ಸುತ್ತ ಜನ ಇದ್ದರು. ಹಗಲಲ್ಲೇ ನೀರು ಏರುವುದು ಗೊತ್ತಾಗಲಿಲ್ಲ ಎಂದಮೇಲೆ ರಾತ್ರಿಯ ಮಾತು ಹೇಳಬೇಕೇ? ಅದಾದ ಮೇಲೆ ಪುಣೆ ಜಿಲ್ಲಾಡಳಿತ ಮಳೆಗಾಲದ ಪ್ರವಾಸಿ ಜಾಗಗಳಿಗೆ ನಿರ್ಬಂಧ ಹಾಕಿತು. ಹೊರಡುವ ಮೊದಲು ಆ ವರ್ಷದ ಆದೇಶ ಏನಿದೆ ಎಂದು ವಿಚಾರಿಸಿಕೊಳ್ಳಿ. ತಾಮ್ಹಿಣಿಯ ಕಾಡಿನ ಒಂದು ಭಾಗ ವನ್ಯಜೀವಿ ಧಾಮ. ಅದರೊಳಗೆ ರಾತ್ರಿ ಕಾಲಿಡುವ ಯೋಚನೆಯೇ ಬೇಡ.

ಸಹ್ಯಾದ್ರಿಯಲ್ಲಿ ಮಳೆ ನಿಮ್ಮ ತಲೆಯ ಮೇಲೆ ಬೀಳಬೇಕೆಂದಿಲ್ಲ. ಮೇಲಿನ ಬೆಟ್ಟದಲ್ಲಿ ಸುರಿದರೆ ಸಾಕು. ಒಂದು ಆಗಸ್ಟ್ ಸಂಜೆ ನಾನು ಹಳ್ಳದ ಆಚೆ ದಡದ ಬಂಡೆಯ ಮೇಲೆ ಬ್ಯಾಗ್ ಇಟ್ಟು ಈಚೆ ಚಿತ್ರ ತೆಗೆಯುತ್ತಿದ್ದೆ. ನಮ್ಮ ಮೇಲೆ ನಕ್ಷತ್ರ ಕಾಣುತ್ತಿತ್ತು. ಹತ್ತು ನಿಮಿಷದಲ್ಲಿ ನೀರಿನ ಸದ್ದು ದಪ್ಪವಾಯಿತು, ಎಲೆ ಕಡ್ಡಿ ತೇಲಿಬರತೊಡಗಿತು. ಜತೆಗಿದ್ದ ಹಳ್ಳಿಯ ಮಾವಶಿ, ಅಂದರೆ ಚಿಕ್ಕಮ್ಮನ ವಯಸ್ಸಿನ ಹೆಂಗಸು, ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದರು. ಬ್ಯಾಗ್ ಹೋಯಿತು, ಎರಡು ಲೆನ್ಸ್ ಹೋದವು. ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ರಾತ್ರಿ ಜಲಪಾತಕ್ಕೆ ಹೋಗುವುದಿಲ್ಲ. ನೀವೂ ಹೋಗಬೇಡಿ. ಸದ್ದು ಬದಲಾಗುವುದು, ನೀರು ಕೆಂಪಗಾಗುವುದು, ಕಸ ತೇಲಿಬರುವುದು, ಈ ಮೂರರಲ್ಲಿ ಒಂದು ಕಂಡರೂ ಎಲ್ಲ ಬಿಟ್ಟು ದಡ ಹತ್ತಿ.

ಇದಕ್ಕೆ ಒಳ್ಳೆಯ ಕಾಲ ಅಕ್ಟೋಬರ್‌ ನಡುವಿನಿಂದ ನವೆಂಬರ್‌. ಮಳೆ ನಿಂತಿರುತ್ತದೆ, ನೀರು ತಿಳಿಯಾಗಿರುತ್ತದೆ, ಹಳ್ಳ ಇನ್ನೂ ಹರಿಯುತ್ತಿರುತ್ತದೆ. ಚಾಂದಣಿ ಚೌಕದಿಂದ ಪಿರಂಗೂಟ್, ಪೌಡ್ ದಾಟಿ ಮುಳಶಿ ಕಡೆ ಹೋದರೆ ತೋಟದಲ್ಲೇ ಹಳ್ಳ ಇರುವ ಹೋಮ್‌ಸ್ಟೇಗಳು ಸಿಗುತ್ತವೆ. ಮಾಲೀಕರ ಒಪ್ಪಿಗೆ ಇರುತ್ತದೆ, ದಾರಿ ಗೊತ್ತಿರುವ ಜನ ಇರುತ್ತಾರೆ, ಹತ್ತಿರದಲ್ಲೇ ಮನೆ ಇರುತ್ತದೆ. ಮರಾಠಿಯಲ್ಲಿ ಧಬಧಬಾ ಎಂದು ಕೇಳಿದರೆ ಅವರು ದೊಡ್ಡದನ್ನೇ ತೋರಿಸುತ್ತಾರೆ. ನೀವು ಚಿಕ್ಕದು ಸಾಕು ಎನ್ನಿ. ನಮ್ಮ ಕಡೆ ಅಬ್ಬಿ ಎನ್ನುತ್ತಾರಲ್ಲ, ಅಂಥದ್ದು. ಎರಡಾಳು ಎತ್ತರದ್ದು ಸಾಕು. ಖಂಡಾಲಾದ ಕುಣೆ ಜಲಪಾತ ಸುಮಾರು 200 ಮೀಟರ್ ಇದೆ. ಅದನ್ನು ಬೆಳಗಲು ನಿಮ್ಮ ಟಾರ್ಚ್‌ಗೂ ಆಗದು, ನನ್ನ ಲೈಟ್‌ಗೂ ಆಗದು. ನಯಾಗರಾಕ್ಕೆ 1879ರಷ್ಟು ಹಿಂದೆಯೇ ವಿದ್ಯುತ್ ದೀಪ ಬಿಟ್ಟಿದ್ದರು, ಈಗಲೂ ಪ್ರತಿ ರಾತ್ರಿ ಬಣ್ಣ ಬಿಡುತ್ತಾರೆ. ಅದಕ್ಕೆಂದೇ ಅಲ್ಲಿ ಒಂದು ಮಂಡಳಿ ಇದೆ. ನಮಗೆ ಅಬ್ಬಿಯೇ ಸರಿ.

ಜಾಗ ಸಿಕ್ಕಿತು ಎಂದುಕೊಳ್ಳಿ. ಮಧ್ಯಾಹ್ನ ನಾಲ್ಕಕ್ಕೇ ಅಲ್ಲಿರಿ. ಎಲ್ಲಿ ಪಾಚಿ ಇದೆ, ಎಲ್ಲಿ ಬಂಡೆ ಅಲುಗುತ್ತದೆ, ದೀಪ ಹಿಡಿಯುವವರು ಎಲ್ಲಿ ನಿಲ್ಲಬಹುದು, ಇದೆಲ್ಲ ಹಗಲಲ್ಲೇ ತೀರ್ಮಾನ ಆಗಬೇಕು. ದೀಪದವರು ದಡದಲ್ಲೇ ನಿಲ್ಲಬೇಕು, ನೀರಿಗೆ ಇಳಿಯಕೂಡದು. ಅಂಥ ಜಾಗ ಇಲ್ಲದಿದ್ದರೆ ಆ ಅಬ್ಬಿ ಬೇಡ, ಇನ್ನೊಂದು ಹುಡುಕಿ. ಟ್ರೈಪಾಡ್‌ನ ಕಾಲು ಹರಿಯುವ ನೀರಲ್ಲಿದ್ದರೆ ಸಣ್ಣಗೆ ನಡುಗುತ್ತದೆ, ಒಣ ಬಂಡೆಯ ಮೇಲೇ ಇಡಿ. ಲೆನ್ಸ್‌ನ ಅಲುಗಾಟ ತಡೆಯುವ ಸ್ವಿಚ್ ಆಫ್ ಮಾಡಿ. ಬೆಳಕಿರುವಾಗಲೇ ನೀರಿನ ಪಕ್ಕದ ಬಂಡೆಗೆ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಹಾಕಿ, ರಿಂಗಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಡಿ. ಕತ್ತಲಾದ ಮೇಲೆ ಫೋಕಸ್ ಹುಡುಕುತ್ತಾ ಕೂರುವುದು ದೊಡ್ಡ ಸಂಕಟ.

ಸೂರ್ಯ ಮುಳುಗಿದ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಆಕಾಶದಲ್ಲಿ ಒಂದು ನೀಲಿ ಉಳಿದಿರುತ್ತದೆ. ನನ್ನ ಪ್ರಕಾರ ರಾತ್ರಿಯ ಜಲಪಾತದ ಒಳ್ಳೆಯ ಚಿತ್ರಗಳಲ್ಲಿ ಮುಕ್ಕಾಲು ಪಾಲು ಈ ಹೊತ್ತಿನವೇ. ಮರ, ಬಂಡೆ, ದೂರದ ಗುಡ್ಡದ ಅಂಚು ಎಲ್ಲಕ್ಕೂ ಆಕಾಶವೇ ಬಿಟ್ಟಿ ಬೆಳಕು ಕೊಡುತ್ತದೆ. ನಿಮ್ಮ ದೀಪ ನೀರಿಗಷ್ಟೇ ಸಾಕು. ನಿಮ್ಮ ಬಂಡೆಗಳು ಕಪ್ಪಾಗಿದ್ದಕ್ಕೆ ಇದೇ ಮದ್ದು. ಎಫ್ 8, ಐಎಸ್ಒ 400, 15 ಸೆಕೆಂಡ್‌ನಿಂದ ಶುರು ಮಾಡಿ. ಮೊದಲು ದೀಪ ಇಲ್ಲದೆ ಒಂದು ತೆಗೆಯಿರಿ. ಅದು ಕಣ್ಣಿಗೆ ಕಂಡದ್ದಕ್ಕಿಂತ ಒಂದು ಮಟ್ಟ ಕಪ್ಪಗೆ ಬಂದರೆ ಸರಿ. ಆಮೇಲೆ ಅದೇ ಸೆಟ್ಟಿಂಗ್‌ನಲ್ಲಿ ದೀಪ. ಬೆಳಕು ಇಳಿದ ಹಾಗೆ ಶಟರ್ ಸಮಯ ಹೆಚ್ಚಿಸುತ್ತಾ ಹೋಗಿ. 30 ಸೆಕೆಂಡ್ ದಾಟಿದರೆ ಬಲ್ಬ್ ಮೋಡ್ (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದೇ ಇರುವ ಸೆಟ್ಟಿಂಗ್) ಮತ್ತು ರಿಮೋಟ್ ಬೇಕು.

ದೀಪ ಬೀಸುವುದು ಗೋಡೆಗೆ ಬ್ರಷ್ ಆಡಿಸಿದ ಹಾಗೆ. ನೀರಿನ ತಲೆಯಿಂದ ಬುಡದವರೆಗೆ ಒಂದು ಸಲ ಮೆಲ್ಲಗೆ ಇಳಿಸಿ, ಒಟ್ಟು ನಾಲ್ಕು ಸೆಕೆಂಡ್. ಆಮೇಲೆ ಪಕ್ಕದ ಬಂಡೆಗೆ ಒಂದೆರಡು ಸೆಕೆಂಡ್ ಜಾಸ್ತಿ, ಏಕೆಂದರೆ ನಮ್ಮ ಕರಿಕಲ್ಲು ಒದ್ದೆಯಾದರೆ ಬೆಳಕು ನುಂಗುತ್ತದೆ. ಕೈ ಎಲ್ಲೂ ನಿಲ್ಲಬಾರದು, ನಿಂತಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಟಾರ್ಚಿನ ಮೂತಿಗೆ ಕಪ್ಪು ಚಾರ್ಟ್ ಪೇಪರಿನ ಒಂದು ಗೇಣುದ್ದದ ಕೊಳವೆ ಸುತ್ತಿ. ಇಲ್ಲದಿದ್ದರೆ ಟಾರ್ಚಿನ ಕಣ್ಣೇ ಕ್ಯಾಮೆರಾಕ್ಕೆ ಕಂಡು ಚಿತ್ರದಲ್ಲಿ ಗೀರು ಬೀಳುತ್ತದೆ. ದೀಪದವರು ಕಪ್ಪು ಬಟ್ಟೆ ಹಾಕಿಕೊಂಡಿರಲಿ. ನೀರಿನ ಸದ್ದಿಗೆ ಕೂಗಿದ್ದು ಕೇಳುವುದಿಲ್ಲ, ಮುಳಶಿ ಒಳಗೆ ಫೋನ್ ಸಿಗ್ನಲ್ ನಂಬುವಂತಿಲ್ಲ. ಹಣೆಗೆ ಕಟ್ಟುವ ದೀಪದ ಕೆಂಪು ಬೆಳಕಿನಲ್ಲಿ ಸನ್ನೆ ಮಾತಾಡಿಕೊಳ್ಳಿ. ಒಂದು ಸಲ ಮಿನುಗಿದರೆ ಶುರು, ಎರಡು ಸಲ ಮಿನುಗಿದರೆ ಮುಗಿಯಿತು. ಕೆಂಪು ಬೆಳಕಿಗೆ ಇನ್ನೊಂದು ಗುಣವೂ ಇದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹತ್ತಿರ ಬೇಕು. ಬಿಳಿ ಬೆಳಕು ಅದನ್ನು ಒಂದೇ ಕ್ಷಣದಲ್ಲಿ ಕೆಡಿಸುತ್ತದೆ, ಮಂದ ಕೆಂಪು ಅಷ್ಟು ಕೆಡಿಸುವುದಿಲ್ಲ.

ಬಣ್ಣದ ಬಗ್ಗೆ ನನಗೆ ಸ್ವಲ್ಪ ಹಟ ಇದೆ. ಒಂದು ಚಿತ್ರಕ್ಕೆ ಎರಡು ಬಣ್ಣ ಸಾಕು, ಅದರಲ್ಲಿ ಒಂದು ಆಕಾಶದ ನೀಲಿಯೇ ಆಗಿದ್ದರೆ ಇನ್ನೂ ಚೆನ್ನ. ನಾನು ಬಹಳ ಸಲ ಮಾಡುವುದು ಹೀಗೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಎಂದುಕೊಳ್ಳಬೇಕು ಎಂಬ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಡುತ್ತೇನೆ, ಅಂದರೆ ಹಳೆಯ ಬಲ್ಬಿನ ಚಿತ್ರ ಇರುವ ಸೆಟ್ಟಿಂಗ್. ಆಗ ಸಂಜೆಯ ನೀಲಿ ಇನ್ನೂ ಗಾಢವಾಗುತ್ತದೆ. ಎಲ್ಇಡಿ ಟಾರ್ಚಿನ ಬಿಳಿ ಬೆಳಕೂ ನೀಲಿಯಾಗಿಬಿಡುತ್ತದಲ್ಲ, ಅದಕ್ಕೆ ಟಾರ್ಚಿನ ಮುಂದೆ ಕಿತ್ತಳೆ ಹಾಳೆ ಕಟ್ಟುತ್ತೇನೆ. ಎರಡೂ ಸೇರಿ ನೀರು ಹಾಲಿನ ಬಿಳಿ, ಸುತ್ತಲ ಕಾಡು ನೀಲಿ. ಎರಡು ಹಾಳೆ ಕಟ್ಟಿದರೆ ನೀರಿಗೆ ಹಣತೆಯ ಬಣ್ಣ ಬರುತ್ತದೆ. ಸ್ಟುಡಿಯೋದವರು ಬಳಸುವ ಜೆಲ್ ಹಾಳೆ ಸಿಕ್ಕರೆ ಒಳ್ಳೆಯದು. ಕಲಿಯುವಾಗ ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಯ ಬಣ್ಣದ ಪಾರದರ್ಶಕ ಹಾಳೆ ನಡೆಯುತ್ತದೆ, ಟಾರ್ಚಿನ ಬಿಸಿಗೆ ತಾಗದ ಹಾಗೆ ಕೊಳವೆಯ ತುದಿಗೆ ಕಟ್ಟಿ. ಹಸಿರು ಬೇಡ. ಎಲೆ ಪ್ಲಾಸ್ಟಿಕ್ಕಿನದಾಗುತ್ತದೆ, ನೀರು ಪಾಚಿ ಕಟ್ಟಿದ ಹಾಗೆ ಕಾಣುತ್ತದೆ.

ಕಡು ನೀಲಿ ಮತ್ತು ಕಡು ಕೆಂಪು ಹಾಳೆಗಳಲ್ಲಿ ಒಂದು ಮೋಸವಿದೆ. ಕ್ಯಾಮೆರಾ ಸೆನ್ಸರಿನ ಚುಕ್ಕೆಗಳಲ್ಲಿ ಅರ್ಧ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲು. ಬರೀ ನೀಲಿ ಬೆಳಕು ಬಿಟ್ಟರೆ ನಾಲ್ಕರಲ್ಲಿ ಒಂದು ಚುಕ್ಕೆ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಅದಕ್ಕೇ ಅಂಥ ಚಿತ್ರದಲ್ಲಿ ನೀರಿನ ಎಳೆಗಳು ಮಸುಕಾಗಿ, ಕಾಳು ಕಾಳಾಗಿ ಕಾಣುವುದು. ಜತೆಗೆ ಆ ಒಂದು ಬಣ್ಣ ತುಂಬಿ ಚೆಲ್ಲಿದ್ದರೂ ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಎಂದು ಕ್ಯಾಮೆರಾ ತೋರಿಸುವ ನಕ್ಷೆ) ಎಲ್ಲ ಸರಿ ಇದೆ ಎಂದೇ ತೋರಿಸಬಹುದು. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ನೋಡಿ. ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲಿನಲ್ಲೇ, ತೆಗೆಯಿರಿ. ಕಡು ಹಾಳೆಯ ಬದಲು ತಿಳಿ ಹಾಳೆ ಬಳಸಿ. ಕಡು ನೀಲಿ ಹಾಳೆ ಬೆಳಕಿನ ಬಹುಪಾಲನ್ನು ತಾನೇ ತಿಂದುಬಿಡುತ್ತದೆ, ನಾಲ್ಕು ಸೆಕೆಂಡಿನ ಕೆಲಸಕ್ಕೆ ಅರ್ಧ ನಿಮಿಷವೂ ಬೇಕಾಗಬಹುದು.

ನಿಮ್ಮ ಹಳೆಯ ಫ್ಲ್ಯಾಶ್ ಎಸೆಯಬೇಡಿ. ಟಾರ್ಚ್ ನೀರನ್ನು ರೇಷ್ಮೆ ಮಾಡುತ್ತದೆ, ಫ್ಲ್ಯಾಶ್ ಅದನ್ನು ಹರಳು ಮಾಡುತ್ತದೆ. ಪವರ್ ಇಳಿಸಿದಷ್ಟೂ ಅದರ ಮಿಂಚು ಗಿಡ್ಡವಾಗುತ್ತದೆ. 1/16 ಪವರ್‌ನಲ್ಲಿ ಅದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ತುಂಬಾ ಕಡಿಮೆ, ಬೀಳುವ ಹನಿ ಅಲ್ಲೇ ನಿಂತುಬಿಡುತ್ತದೆ. ಕ್ಯಾಮೆರಾದಿಂದ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರಿನ ಪಕ್ಕದ ದಡಕ್ಕೆ ಒಯ್ಯಿರಿ. ಅದರ ಬೆನ್ನಿನ ಟೆಸ್ಟ್ ಗುಂಡಿ ಒತ್ತಿದರೂ ಅದು ಮಿಂಚುತ್ತದೆ, ದೂರದಿಂದ ಮಿಂಚಿಸುವ ಟ್ರಿಗರ್ ಕೊಳ್ಳಬೇಕಾಗಿಲ್ಲ. ನಾಲ್ಕೈದು ಮೀಟರ್ ದೂರದಿಂದ ಕಾಲು ಪವರ್‌ನಲ್ಲಿ ಶುರು ಮಾಡಿ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದಾಗುತ್ತದೆ, ಅದೊಂದು ನೆನಪಿರಲಿ. ಶಟರ್ ತೆರೆದಿರುವಾಗಲೇ ಒಂದು ಸಲ ಫ್ಲ್ಯಾಶ್ ಮಿಂಚಿಸಿ, ಆಮೇಲೆ ಟಾರ್ಚ್ ಬೀಸಿದರೆ ರೇಷ್ಮೆಯ ಮೇಲೆ ಮುತ್ತು ಚೆಲ್ಲಿದ ಹಾಗೆ ಬರುತ್ತದೆ. ಶಟರ್ ಸಮಯ ಬದಲಿಸಿದರೆ ಆಕಾಶದ ಬೆಳಕು ಬದಲಾಗುತ್ತದೆ, ಫ್ಲ್ಯಾಶಿನದು ಬದಲಾಗುವುದಿಲ್ಲ. ಇವೆರಡನ್ನು ಬೇರೆ ಬೇರೆ ತೂಗಬಹುದು ಎನ್ನುವುದೇ ಈ ಕೆಲಸದ ಸುಖ.

ಇಷ್ಟು ಕೈಗೆ ಬಂದಮೇಲೆ ಒಂದು ಆಟ ಆಡಿ ನೋಡಿ. ಪೂರ್ತಿ ಕತ್ತಲಲ್ಲಿ, ಒಂದೇ ಶಟರ್ ಒಳಗೆ, ಫ್ಲ್ಯಾಶನ್ನು ಒಂದೇ ಜಾಗದಿಂದ ಮೂರು ಸಲ ಮಿಂಚಿಸಿ. ಒಂದು ಸಲ ಕೆಂಪು ಹಾಳೆ, ಒಂದು ಸಲ ಹಸಿರು, ಒಂದು ಸಲ ನೀಲಿ. ಹಸಿರು ಬೇಡ ಎಂದಿದ್ದೆನಲ್ಲ, ಇಲ್ಲಿ ಮಾತ್ರ ಬೇಕು. ಬಂಡೆ ಅಲುಗುವುದಿಲ್ಲ, ಅದರ ಮೇಲೆ ಮೂರೂ ಸೇರಿ ಬಿಳಿ ಬೆಳಕೇ ಆಗುತ್ತದೆ. ಹಾಗಾಗಿ ಬಂಡೆ ತನ್ನ ಸಹಜ ಬಣ್ಣದಲ್ಲೇ ಬರುತ್ತದೆ. ನೀರು ಮಾತ್ರ ಮೂರು ಸಲಕ್ಕೂ ಬೇರೆ ನೀರು. ಅದರ ಹನಿಗಳಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ಉಳಿದು ಕಾಮನಬಿಲ್ಲು ಒಡೆದು ಬಿದ್ದ ಹಾಗೆ ಕಾಣುತ್ತದೆ. ಕೊಡಾಕ್ ಕಂಪನಿಯ ರಾಬರ್ಟ್ ಹ್ಯಾರಿಸ್ ಫಿಲ್ಮ್ ಕಾಲದಲ್ಲಿ ಲೆನ್ಸಿನ ಮುಂದೆ ಮೂರು ಬಣ್ಣದ ಪಟ್ಟಿ ಇಳಿಬಿಟ್ಟು ಇದನ್ನು ಮಾಡಿದ್ದರು, ಅದಕ್ಕೇ ಹ್ಯಾರಿಸ್ ಶಟರ್ ಎಂಬ ಹೆಸರು. ಇಲ್ಲಿ ಪಟ್ಟಿಯ ಕೆಲಸವನ್ನು ಫ್ಲ್ಯಾಶ್ ಮಾಡುತ್ತದೆ. ನೀಲಿಗೆ ಪವರ್ ಜಾಸ್ತಿ ಕೊಡಬೇಕು. ಬಂಡೆ ಯಾವ ಬಣ್ಣಕ್ಕೂ ವಾಲದೆ ಬಂದರೆ ಮೂರೂ ಸಮವಾಗಿದೆ ಎಂದರ್ಥ. ನನಗೆ ಅದು ಸರಿಹೋಗಲು ಮೂರು ರಾತ್ರಿ ಹಿಡಿಯಿತು.

ಉಕ್ಕಿನ ನಾರು ಸುತ್ತಿ ಕಿಡಿ ಹಾರಿಸುವ ಚಿತ್ರಗಳನ್ನೂ ನೀವು ನೋಡಿರಬಹುದು. ಕಾಡಿನಲ್ಲಿ ಅದು ಬೇಡವೇ ಬೇಡ. ನವೆಂಬರ್‌ನಲ್ಲಿ ಹುಲ್ಲು ಒಣಗಿರುತ್ತದೆ. ಹಾಗೆಯೇ ಮೇ ಕೊನೆ, ಜೂನ್ ಮೊದಲಲ್ಲಿ ರಾಜಮಾಚಿ, ಭಂಡಾರದರಾ ಕಡೆ ಮಿಂಚುಹುಳುಗಳ ಕಾಲ. ಅವು ಬೆಳಕಿನಲ್ಲೇ ಒಂದನ್ನೊಂದು ಕರೆಯುತ್ತವೆ. ನಮ್ಮ ಟಾರ್ಚ್ ಬಿದ್ದರೆ ಅವುಗಳಿಗೆ ಜೋಡಿ ಸಿಗುವುದಿಲ್ಲ. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಂಡರೆ ಅದು ಕಪ್ಪೆಯ ಮೊಟ್ಟೆ, ಅದರ ಕಡೆ ಬೆಳಕು ಬಿಡಬೇಡಿ.

ಲೆನ್ಸಿನ ಬಗ್ಗೆ ಎರಡೇ ಮಾತು. ಎಸಿ ಕಾರಿನಿಂದ ಇಳಿದ ಕೂಡಲೇ ಬ್ಯಾಗ್ ತೆರೆಯಬೇಡಿ, ತಣ್ಣಗಿನ ಗಾಜಿನ ಮೇಲೆ ಮಂಜು ಕೂರುತ್ತದೆ, ಅರ್ಧ ಗಂಟೆ ಬಿಡಿ. ಮನೆಗೆ ಬಂದಮೇಲೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ಫಂಗಸ್ ಹಿಡಿಯುತ್ತದೆ.

ಸೀಗೆ ಹುಣ್ಣಿಮೆಗೆ ಇಲ್ಲಿಯವರು ಕೋಜಾಗಿರಿ ಎನ್ನುತ್ತಾರೆ, ಕೇಸರಿ ಹಾಲು ಕಾಯಿಸಿ ಮಹಡಿಯ ಮೇಲೆ ಬೆಳದಿಂಗಳಲ್ಲಿ ಕುಡಿಯುತ್ತಾರೆ. ನಿಮ್ಮ ಮೊದಲ ಸರಿಯಾದ ಪ್ರಯತ್ನಕ್ಕೆ ಅದರ ಹಿಂದು ಮುಂದಿನ ಎರಡು ದಿನ ಇಟ್ಟುಕೊಳ್ಳಿ. ಮಳೆ ಹಿಂದೆ ಸರಿದಿದ್ದರೆ ಮಾತ್ರ ಹೊರಡಿ, ಗುಡುಗಿನ ಮುನ್ಸೂಚನೆ ಇದ್ದರೆ ಮುಂದಿನ ಹುಣ್ಣಿಮೆಗೆ ಬಿಡಿ. ಚಂದ್ರ ಬೆನ್ನ ಹಿಂದೆ ಅಥವಾ ಪಕ್ಕದಲ್ಲಿ ಮೇಲೇರಿದಾಗ ಎಫ್ 4, ಐಎಸ್ಒ 1600, 15 ಸೆಕೆಂಡ್ ಹಾಕಿದರೆ ಬೆಟ್ಟವೆಲ್ಲ ಹಗಲಿನ ಹಾಗೆ ಬರುತ್ತದೆ. ಆ ಸೆಟ್ಟಿಂಗ್‌ಗೆ ನಿಮ್ಮ ಟಾರ್ಚ್ ವಿಪರೀತ ಜಾಸ್ತಿ. ಮೂತಿಗೆ ಕರವಸ್ತ್ರ ನಾಲ್ಕು ಮಡಿಕೆ ಮಾಡಿ ಕಟ್ಟಿ, ಪಕ್ಕದ ದಡದಿಂದ, ನೀರಿನ ಬುಡಕ್ಕೆ ಮಾತ್ರ ಒಂದು ಸೆಕೆಂಡ್ ಬಿಡಿ. ಅದಕ್ಕೂ ಮೊದಲು ಒಂದು ರಾತ್ರಿ ಮನೆಯ ಬಚ್ಚಲಲ್ಲಿ ದೀಪ ಆರಿಸಿ, ಶವರ್ ಬಿಟ್ಟು, ಎದುರಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು ಚಿತ್ರ ತೆಗೆದು ಮನೆಯವರಿಗೆ ತೋರಿಸಿ. ದೀಪ ಹಿಡಿಯಲು ನಿಮಗೆ ಒಬ್ಬರು ಹೇಗೂ ಬೇಕು.